ಹಳೇ ಬೇಸ್ ಗಿಟಾರ್ ಕೊಳ್ಳುವ ಮುನ್ನ: ಮೊದಲು ನೆಕ್, ಹೆಸರು ಆಮೇಲೆ

ತಿಂಗಳಿಗೆ ಮೂರ್ನಾಲ್ಕು ಸಲವಾದರೂ ಒಂದೇ ಪ್ರಶ್ನೆ ಬರುತ್ತದೆ. "ಹಳೇ ಬೇಸ್ ಗಿಟಾರ್‌ನ ನಾದ ತುಂಬಾ ಇಷ್ಟ. ಬೆಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಕಡಿಮೆ ದುಡ್ಡಿಗೆ ಒಳ್ಳೆಯದು ಸಿಗುತ್ತಾ? ಮೋಸ ಹೋಗದೆ ಕೊಳ್ಳೋದು ಹೇಗೆ?" ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಸಿಗುತ್ತದೆ, ಖಂಡಿತ ಸಿಗುತ್ತದೆ. ಆದರೆ ಹುಡುಕುವ ರೀತಿ ಬದಲಾಗಬೇಕು. ನೆಕ್, ಅಂದರೆ ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಭಾಗ, ಗಟ್ಟಿಮುಟ್ಟಾಗಿದ್ದು ಉಳಿದದ್ದೆಲ್ಲ ಸ್ವಲ್ಪ ಸವೆದಿರುವ ಗಿಟಾರ್ ಹುಡುಕಿ. ಬಣ್ಣ ಹೋಗಿದ್ದರೆ ಹೋಗಲಿ. ನಾಬ್ ಬದಲಾಗಿದ್ದರೆ ಆಗಲಿ. ಇವುಗಳಿಂದ ಬೆಲೆ ಇಳಿಯುತ್ತದೆ, ನಾದ ಕೆಡುವುದಿಲ್ಲ. ನೆಕ್ ಕೆಟ್ಟಿದ್ದರೆ ಮಾತ್ರ ಎಷ್ಟೇ ದೊಡ್ಡ ಹೆಸರಿನದಾದರೂ ಅದು ಗೋಡೆಗೆ ತೂಗುಹಾಕುವ ವಸ್ತು ಅಷ್ಟೇ.

ಶುರು ಮಾಡುವ ಮೊದಲು 'ವಿಂಟೇಜ್' ಅನ್ನುವ ಪದದ ಬಗ್ಗೆ ಒಂದು ಮಾತು. ಇಷ್ಟೇ ವರ್ಷ ಆಗಿರಬೇಕು ಅಂತ ಯಾವ ನಿಯಮವೂ ಇಲ್ಲ. ಸಾಮಾನ್ಯವಾಗಿ 25–30 ವರ್ಷ ದಾಟಿದ್ದನ್ನು ಹಾಗೆ ಕರೆಯುತ್ತಾರೆ. ಮಾರುವವರು ಹತ್ತು ವರ್ಷದ್ದಕ್ಕೂ ಆ ಪದ ಅಂಟಿಸುತ್ತಾರೆ. ಪದ ನೋಡಿ ದುಡ್ಡು ಕೊಡಬೇಡಿ.

ಕೆಲವು ಯಾಕೆ ಅಷ್ಟು ದುಬಾರಿ ಅನ್ನುವುದೂ ಗೊತ್ತಿರಲಿ. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ, ಜಾಝ್ ಬೇಸ್ 1960ರಲ್ಲಿ. 1965ರ ಜನವರಿಯಲ್ಲಿ ಅವರ ಕಂಪನಿ ಸಿಬಿಎಸ್ ಅನ್ನುವ ಅಮೆರಿಕದ ಪ್ರಸಾರ ಕಂಪನಿಯ ಕೈಗೆ ಹೋಯಿತು. ಅದಕ್ಕೂ ಮೊದಲು ತಯಾರಾದವನ್ನು 'ಪ್ರೀ-ಸಿಬಿಎಸ್' ಅನ್ನುತ್ತಾರೆ. ಇವು ಸಂಗ್ರಹಕಾರರ ಪಾಲು. ಅಲ್ಲಿ ದುಡ್ಡು ಕೊಡುವುದು ಅವು ಅಪರೂಪ ಅನ್ನುವ ಕಾರಣಕ್ಕೆ. ನುಡಿಸಲು ಗಿಟಾರ್ ಬೇಕಾದವರು ಆ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

1. ನಿಮಗೆ ಏನು ಬೇಕು ಅಂತ ಮೊದಲು ತೀರ್ಮಾನಿಸಿ

ಮೊದಲ ಪ್ರಶ್ನೆ ಸ್ಕೇಲ್ ಉದ್ದದ್ದು. ಸ್ಕೇಲ್ ಅಂದರೆ ನಟ್‌ನಿಂದ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಜ್‌ವರೆಗೆ (ದೇಹದ ಮೇಲೆ ತಂತಿ ಕೂರುವ ಭಾಗ) ತಂತಿ ಕಂಪಿಸುವ ಉದ್ದ. ಫೆಂಡರ್ ಮಾದರಿಯ ಹೆಚ್ಚಿನವು 34 ಇಂಚು, ಅಂದರೆ ಲಾಂಗ್ ಸ್ಕೇಲ್. ಫೆಂಡರ್ ಮಸ್ಟಾಂಗ್, ಗಿಬ್ಸನ್ ಇಬಿ-0 ತರಹದವು ಸುಮಾರು 30 ಇಂಚಿನ ಶಾರ್ಟ್ ಸ್ಕೇಲ್. ಶಾರ್ಟ್ ಸ್ಕೇಲ್‌ನಲ್ಲಿ ತಂತಿ ಸಡಿಲ ಅನ್ನಿಸುತ್ತದೆ, ಬೆರಳು ಜಾಸ್ತಿ ಚಾಚಬೇಕಾಗಿಲ್ಲ, ನಾದ ದಪ್ಪ. ಲಾಂಗ್ ಸ್ಕೇಲ್‌ನಲ್ಲಿ ನಾದ ಬಿಗಿ, ಸ್ಪಷ್ಟ. ಹಳೇ ಮಾರುಕಟ್ಟೆಯಲ್ಲಿ ಶಾರ್ಟ್ ಸ್ಕೇಲ್ ಗಿಟಾರ್‌ಗಳು ಬಹಳ ಸಿಗುತ್ತವೆ, ಬೆಲೆಯೂ ಕಡಿಮೆ. ಆದರೆ ಲಾಂಗ್ ಸ್ಕೇಲ್‌ಗೆ ಕೈ ಒಗ್ಗಿದವರು ನುಡಿಸಿ ನೋಡದೆ ಶಾರ್ಟ್ ಸ್ಕೇಲ್ ತಗೋಬೇಡಿ. ತಂತಿಯೂ ಬೇರೆ ಅಳತೆಯದ್ದೇ ಬೇಕಾಗುತ್ತದೆ ಅನ್ನುವುದು ನೆನಪಿರಲಿ.

ಎರಡನೆಯದು ತೂಕ. ಇದನ್ನು ಯಾರೂ ಕೇಳುವುದಿಲ್ಲ, ಆಮೇಲೆ ಹೆಗಲು ಹಿಡಿದುಕೊಂಡು ಕೂರುತ್ತಾರೆ. ಎಪ್ಪತ್ತರ ದಶಕದ ಆ್ಯಶ್ ಮರದ ಬೇಸ್‌ಗಳು ನಾಲ್ಕೂವರೆ ಕಿಲೋ ದಾಟುವುದು ಮಾಮೂಲು. ಮಾರುವವರಿಗೆ ತಕ್ಕಡಿಯ ಮೇಲಿಟ್ಟು ತೂಕ ಹೇಳಿ ಅಂತ ಕೇಳಿ. ಅದರಲ್ಲಿ ಸಂಕೋಚ ಬೇಡ.

ಮೂರನೆಯದು ದುಡ್ಡು. ನಿಮ್ಮ ಹತ್ತಿರ ಇರುವುದನ್ನು ಐದು ಪಾಲು ಮಾಡಿ. ಒಂದು ಪಾಲನ್ನು ಎತ್ತಿಡಿ, ಅದನ್ನು ಮುಟ್ಟಬೇಡಿ. ಹೊಸ ತಂತಿ, ಸೆಟಪ್ (ನುಡಿಸಲು ಹಿತವಾಗುವಂತೆ ಹೊಂದಿಸುವುದು), ಫ್ರೆಟ್ (ನೆಕ್ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿ) ಕೆಲಸ, ಒಂದೆರಡು ಪಾಟ್ (ನಾಬ್‌ನ ಕೆಳಗಿನ ಬಿಡಿಭಾಗ) ಬದಲಿಸುವುದು, ಇವಕ್ಕೆಲ್ಲ ಆ ಪಾಲೇ ಬೇಕು. ಹಳೇ ಗಿಟಾರ್ ಯಾವುದೂ ಬಂದ ದಿನವೇ ಸರಿಯಾಗಿ ನುಡಿಯುವುದಿಲ್ಲ.

2. ಎಲ್ಲರೂ ನೋಡದ ಕಡೆ ನೋಡಿ

ಎಪ್ಪತ್ತು, ಎಂಬತ್ತರ ದಶಕದ ಜಪಾನ್ ನನ್ನ ಮೊದಲ ಸಲಹೆ. ಅಲ್ಲಿನ ಮತ್ಸುಮೊಟೊ ಊರಿನಲ್ಲಿ ಎರಡು ದೊಡ್ಡ ಕಾರ್ಖಾನೆಗಳಿದ್ದವು: ಫುಜಿಜೆನ್ ಮತ್ತು ಮತ್ಸುಮೊಕು. ಐಬನೆಜ್, ಗ್ರೆಕೊ ಹೆಸರಿನ ಬಹಳಷ್ಟು ಗಿಟಾರ್‌ಗಳು ಫುಜಿಜೆನ್‌ನಲ್ಲಿ ತಯಾರಾದವು. ಆರಿಯಾ ಪ್ರೊ 2, ವೆಸ್ಟೋನ್ ಮತ್ತು ಇನ್ನೂ ಎಷ್ಟೋ ಹೆಸರುಗಳ ಹಿಂದೆ ಇದ್ದದ್ದು ಮತ್ಸುಮೊಕು. ಅದು 1987ರಲ್ಲಿ ಮುಚ್ಚಿತು. ಹೆಡ್‌ಸ್ಟಾಕ್ (ನೆಕ್‌ನ ತುದಿಯ ತಲೆಭಾಗ) ಮೇಲಿನ ಹೆಸರು ನೀವು ಕೇಳಿರದೇ ಇರಬಹುದು, ಆದರೆ ಅದೇ ಕೈಗಳು ಮಾಡಿದ ಕೆಲಸ. ಕಡಿಮೆ ಬೆಲೆಯ ಗುಟ್ಟು ಇರುವುದು ಇಲ್ಲಿಯೇ. ಯಮಹಾದ ಬಿಬಿ ಸರಣಿಯನ್ನೂ ಮರೆಯಬೇಡಿ. ಕಟ್ಟುವ ಕೆಲಸದಲ್ಲಿ ಅವು ತುಂಬಾ ನಂಬಿಕಸ್ಥ.

1982ರಲ್ಲಿ ಫೆಂಡರ್ ತಾನೇ ಜಪಾನ್‌ನಲ್ಲಿ ಕಂಪನಿ ಶುರು ಮಾಡಿತು. ಆ ಮೊದಲ ವರ್ಷಗಳ ಫೆಂಡರ್ ಮತ್ತು ಅದರದೇ ಅಗ್ಗದ ಸಾಲಾದ ಸ್ಕ್ವೈಯರ್ ಗಿಟಾರ್‌ಗಳ ಕ್ರಮಸಂಖ್ಯೆ 'ಜೆವಿ' ಅಂತ ಶುರುವಾಗುತ್ತದೆ. ಒಂದು ಕಾಲಕ್ಕೆ ಅಗ್ಗಕ್ಕೆ ಸಿಗುತ್ತಿದ್ದವು. ಈಗ ಎಲ್ಲರಿಗೂ ಗೊತ್ತಾಗಿಹೋಗಿದೆ. ಅದೇ ದುಡ್ಡಿಗೆ ಅಷ್ಟೇ ಒಳ್ಳೆಯ ಬೇರೆ ಹೆಸರಿನದು ಸಿಗುವಾಗ ಅದರ ಹಿಂದೆ ಬೀಳಬೇಡಿ ಅನ್ನುತ್ತೇನೆ.

ಅಮೆರಿಕದಲ್ಲಿ ತಯಾರಾದದ್ದೇ ಬೇಕು ಅಂದರೆ ಪೀವಿ ನೋಡಿ. 1978ರಲ್ಲಿ ಬಂದ ಟಿ-40 ಮಿಸಿಸಿಪಿಯ ಮೆರಿಡಿಯನ್‌ನಲ್ಲಿ ತಯಾರಾಯಿತು. ಮರವನ್ನು ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಕೆತ್ತುತ್ತಿದ್ದರು, ಅದಕ್ಕೇ ಒಂದಕ್ಕೂ ಇನ್ನೊಂದಕ್ಕೂ ಗುಣಮಟ್ಟದಲ್ಲಿ ವ್ಯತ್ಯಾಸ ಕಡಿಮೆ. ತೂಕ ಮಾತ್ರ ಜಾಸ್ತಿ. ಇದರ ಟೋನ್ ನಾಬ್ ಬಗ್ಗೆ ಒಂದು ವಿಷಯ ತಿಳಿದಿರಿ: ಪೂರ್ತಿ ತಿರುಗಿಸಿದಾಗ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಒಂದೇ ಕಾಯಿಲ್ (ಸುರುಳಿ) ಕೆಲಸ ಮಾಡುತ್ತದೆ, ನಾದ ತೆಳ್ಳಗಾಗುತ್ತದೆ. ಸ್ವಲ್ಪ ಹಿಂದಕ್ಕೆ ತಂದರೆ ಎರಡೂ ಕಾಯಿಲ್ ಸೇರಿ ನಾದ ದಪ್ಪವಾಗುತ್ತದೆ. ಇದು ದೋಷವಲ್ಲ, ಹಾಗೇ ಮಾಡಿದ್ದಾರೆ. ಇದು ಗೊತ್ತಿಲ್ಲದೆ "ಟೋನ್ ಕೆಟ್ಟಿದೆ" ಅಂತ ಕಡಿಮೆಗೆ ಮಾರುವವರೂ ಇದ್ದಾರೆ. ಪೀವಿಯ ಫ್ಯೂರಿ, ಫೌಂಡೇಶನ್, ಪೇಟ್ರಿಯಟ್ ಅದಕ್ಕಿಂತ ಹಗುರ, ಅದಕ್ಕಿಂತ ಅಗ್ಗ.

ಫೆಂಡರ್ ಹೆಸರೇ ಬೇಕು ಅನ್ನುವವರಿಗೆ ಮ್ಯೂಸಿಕ್‌ಮಾಸ್ಟರ್ ಬೇಸ್ ಇದೆ. ಶಾರ್ಟ್ ಸ್ಕೇಲ್, ಒಂದೇ ಪಿಕಪ್. ಆ ಪಿಕಪ್‌ನ ಮುಚ್ಚಳ ತೆಗೆದರೆ ಒಳಗೆ ಆರು ತಂತಿಯ ಗಿಟಾರ್‌ನ ಪಿಕಪ್ ಇರುತ್ತದೆ. ಯಾರೋ ಬದಲಿಸಿದ್ದಾರೆ ಅಂತ ಗಾಬರಿಯಾಗಬೇಡಿ, ಕಾರ್ಖಾನೆಯಿಂದಲೇ ಹಾಗೆ ಬಂದದ್ದು. ಗಿಬ್ಸನ್‌ನಲ್ಲಿ ಎಪ್ಪತ್ತರ ದಶಕದ ಗ್ರ್ಯಾಬರ್ ಮತ್ತು ಇಬಿ-0, ಥಂಡರ್‌ಬರ್ಡ್‌ಗಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ.

ಯುರೋಪಿನ ಹಾಫ್ನರ್, ಫ್ರಾಮಸ್, ಎಕೊ ಇವುಗಳದ್ದು ಬೇರೆಯೇ ಸ್ವಭಾವ. ನಾದ ಬೆಚ್ಚಗಿರುತ್ತದೆ. ಬಿಡಿಭಾಗ ಸಿಗುವುದು ಕಷ್ಟ. ಮೊದಲ ಹಳೇ ಬೇಸ್ ಆಗಿ ನಾನು ಸೂಚಿಸುವುದಿಲ್ಲ, ಎರಡನೆಯದಾಗಿ ಸಂತೋಷವಾಗಿ ತಗೊಳ್ಳಿ.

3. ಜಾಹೀರಾತು ಓದುವುದನ್ನು ಕಲಿಯಿರಿ

ಕೆಲವು ಪದಗಳು ಪದೇ ಪದೇ ಕಾಣುತ್ತವೆ.

'ಪ್ಲೇಯರ್ ಗ್ರೇಡ್' ಅಂದರೆ ಸಂಗ್ರಹಕ್ಕೆ ಯೋಗ್ಯವಲ್ಲ, ನುಡಿಸಲು ಯೋಗ್ಯ ಅಂತ. ಬಣ್ಣ ಹೊಸದಾಗಿ ಬಳಿದಿರಬಹುದು, ಟ್ಯೂನರ್ (ಹೆಡ್‌ಸ್ಟಾಕ್‌ನಲ್ಲಿ ತಂತಿ ಬಿಗಿಯುವ ಕೀಲಿ) ಬದಲಾಗಿರಬಹುದು. ನೀವು ಹುಡುಕಬೇಕಾದ ಪದ ಇದೇ. 'ರೀಫಿನ್' ಅಂದರೆ ಮೂಲ ಬಣ್ಣ ಕೆರೆದು ಮತ್ತೆ ಬಳಿದದ್ದು. ಸಂಗ್ರಹಕಾರರ ಲೆಕ್ಕದಲ್ಲಿ ಇದೊಂದೇ ಕಾರಣಕ್ಕೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಮಗೆ ಅದೇ ಲಾಭ.

'ಪಾರ್ಟ್ಸ್ ಬೇಸ್' ಅಂದರೆ ಬೇರೆ ಬೇರೆ ಗಿಟಾರ್‌ಗಳ ಭಾಗ ಸೇರಿಸಿ ಕಟ್ಟಿದ್ದು. ಒಳ್ಳೆಯದಿರಬಹುದು, ಆದರೆ ಅದನ್ನು ಹಾಗೆಂದು ಹೇಳಿಯೇ ಮಾರಬೇಕು. 'ಪ್ರಾಜೆಕ್ಟ್' ಅಂದರೆ ಈಗ ನುಡಿಯುವುದಿಲ್ಲ. ಬೆಸುಗೆ ಹಿಡಿದು ಗೊತ್ತಿಲ್ಲದವರು ಇದರ ಹತ್ತಿರ ಹೋಗಬೇಡಿ.

ಇನ್ನು 'ಲಾಸೂಟ್', ಅಂದರೆ ದಾವೆ, ಅನ್ನುವ ಪದ. 1977ರಲ್ಲಿ ಗಿಬ್ಸನ್‌ನ ಒಡೆಯರಾಗಿದ್ದ ನಾರ್ಲಿನ್ ಕಂಪನಿ, ಐಬನೆಜ್ ಗಿಟಾರ್‌ಗಳನ್ನು ಅಮೆರಿಕದಲ್ಲಿ ಹಂಚುತ್ತಿದ್ದ ಎಲ್ಗರ್ ಕಂಪನಿಯ ಮೇಲೆ ದಾವೆ ಹೂಡಿತು. ತಕರಾರು ಇದ್ದದ್ದು ಹೆಡ್‌ಸ್ಟಾಕ್‌ನ ಆಕಾರದ ಬಗ್ಗೆ. ಮುಂದಿನ ವರ್ಷ ರಾಜಿಯಾಯಿತು. ನಡೆದದ್ದು ಇಷ್ಟೇ, ಒಂದೇ ದಾವೆ. ಈಗ ಎಪ್ಪತ್ತರ ದಶಕದ ಯಾವ ಜಪಾನಿ ನಕಲಿಗೂ 'ಲಾಸೂಟ್' ಅಂತ ಬರೆದು ಬೆಲೆ ಏರಿಸುತ್ತಾರೆ. ಆ ಪದಕ್ಕಾಗಿ ಒಂದು ಪೈಸೆಯೂ ಜಾಸ್ತಿ ಕೊಡಬೇಡಿ. ಆ ಕಾಲದ ಜಪಾನಿ ನಕಲುಗಳಲ್ಲಿ ಬಹಳ ಒಳ್ಳೆಯವೂ ಇವೆ, ತೀರಾ ಕಳಪೆಯವೂ ಇವೆ. ನೆಕ್‌ನ ಹಿಂದಿನ ಲೋಹದ ತಟ್ಟೆಯ ಮೇಲೆ 'ಸ್ಟೀಲ್ ಅಡ್ಜಸ್ಟಬಲ್ ನೆಕ್' ಅಂತಷ್ಟೇ ಅಚ್ಚಾಗಿದ್ದರೆ ಅದು ಸಾಮಾನ್ಯವಾಗಿ ಅಗ್ಗದ ಸಾಲಿನದು. ಅದರ ದೇಹ ಪ್ಲೈವುಡ್ ಇರುವ ಸಾಧ್ಯತೆ ಜಾಸ್ತಿ. ಪ್ಲೈವುಡ್ ಅಂದ ತಕ್ಷಣ ಕೆಟ್ಟದ್ದು ಅಂತಲ್ಲ, ಅದರ ಬೆಲೆಯೇ ಅದಕ್ಕಿರಲಿ.

ಜಾಹೀರಾತು ಹಿಡಿಸಿತು ಅಂದರೆ ಈ ಫೋಟೊಗಳನ್ನು ಕೇಳಿ: ಹೆಡ್‌ಸ್ಟಾಕ್ ಮುಂದೆ ಮತ್ತು ಹಿಂದೆ; ನೆಕ್ ದೇಹಕ್ಕೆ ಸೇರುವ ಜಾಗ ಎರಡೂ ಬದಿಯಿಂದ; ಮೊದಲ ಐದು ಫ್ರೆಟ್ ಹತ್ತಿರದಿಂದ; ಬ್ರಿಜ್ ಪಕ್ಕದಿಂದ; ಕಂಟ್ರೋಲ್ ತಟ್ಟೆ ತೆಗೆದು ಒಳಗಿನ ವೈರಿಂಗ್; ಕ್ರಮಸಂಖ್ಯೆ. ಜೊತೆಗೆ ಇವತ್ತಿನ ತಾರೀಕು ಬರೆದ ಚೀಟಿಯನ್ನು ಗಿಟಾರ್ ಮೇಲಿಟ್ಟು ಒಂದು ಫೋಟೊ. ಗಿಟಾರ್ ನಿಜವಾಗಿಯೂ ಅವರ ಹತ್ತಿರ ಇದೆ ಅನ್ನುವುದಕ್ಕೆ ಅದೇ ಸಾಕ್ಷಿ. ಚೀಟಿ ಇಟ್ಟು ಫೋಟೊ ತೆಗೆಯಲು ಒಪ್ಪದವರ ಜೊತೆ ಮಾತು ಮುಂದುವರಿಸಬೇಡಿ.

4. ವಯಸ್ಸು ಪತ್ತೆ ಮಾಡಿ

ಕ್ರಮಸಂಖ್ಯೆ ಒಂದನ್ನೇ ನಂಬಬೇಡಿ. ಎರಡು ಮೂರು ಗುರುತುಗಳು ಒಂದೇ ಕಾಲವನ್ನು ಹೇಳಬೇಕು.

1976ರ ಕೊನೆಯಿಂದ ಫೆಂಡರ್ ಕ್ರಮಸಂಖ್ಯೆ ಹೆಡ್‌ಸ್ಟಾಕ್ ಮೇಲೆ ಬಂತು. 'ಎಸ್' ಅಂದರೆ ಎಪ್ಪತ್ತರ ದಶಕ, 'ಇ' ಅಂದರೆ ಎಂಬತ್ತರದ್ದು. ಅಕ್ಷರದ ಪಕ್ಕದ ಅಂಕಿ ವರ್ಷ. 'ಎಸ್7' ಅಂದರೆ 1977ರ ಸುಮಾರು. ಒಂದೆರಡು ವರ್ಷ ಹಿಂದೆ ಮುಂದೆ ಆಗುವುದುಂಟು. ಗಿಬ್ಸನ್ 1977ರಿಂದ ಎಂಟು ಅಂಕಿ ಬಳಸಿತು. ಒಂದನೇ ಮತ್ತು ಐದನೇ ಅಂಕಿ ಸೇರಿದರೆ ವರ್ಷ, ನಡುವಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಅಂತ. ಅದಕ್ಕಿಂತ ಹಿಂದಿನ ಗಿಬ್ಸನ್ ಸಂಖ್ಯೆಗಳನ್ನು ನಂಬಿ ಕೂರಬೇಡಿ, ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷ ಬಳಸಿದ್ದಾರೆ. 1975ರಿಂದ ಎಂಬತ್ತರ ದಶಕದ ನಡುವಿನವರೆಗಿನ ಜಪಾನಿ ಐಬನೆಜ್‌ಗಳಲ್ಲಿ ಮೊದಲ ಅಕ್ಷರ ತಿಂಗಳು, ಮುಂದಿನ ಎರಡು ಅಂಕಿ ವರ್ಷ. 'ಎ' ಜನವರಿ, 'ಎಲ್' ಡಿಸೆಂಬರ್. 'ಸಿ79' ಅಂತಿದ್ದರೆ 1979ರ ಮಾರ್ಚ್.

ಅಮೆರಿಕದ ಗಿಟಾರ್‌ಗಳಲ್ಲಿ ಇನ್ನೊಂದು ಒಳ್ಳೆಯ ಗುರುತು ಪಾಟ್. ಪಾಟ್ ಅಂದರೆ ವಾಲ್ಯೂಮ್, ಟೋನ್ ನಾಬ್‌ನ ಕೆಳಗಿರುವ ದುಂಡನೆಯ ಬಿಡಿಭಾಗ. ಅದರ ಬೆನ್ನಿನ ಮೇಲೆ ಸಂಖ್ಯೆ ಇರುತ್ತದೆ. ಮೊದಲ ಮೂರು ಅಂಕಿ ತಯಾರಕರದ್ದು: 137 ಅಂದರೆ ಸಿಟಿಎಸ್, 304 ಅಂದರೆ ಸ್ಟ್ಯಾಕ್‌ಪೋಲ್. ಕೊನೆಯ ಎರಡು ಅಂಕಿ ವಾರ. ನಡುವಿನದು ವರ್ಷ. 1377633 ಅಂತಿದ್ದರೆ ಸಿಟಿಎಸ್ 1976ರ 33ನೇ ವಾರ ಮಾಡಿದ್ದು. ನೆನಪಿಡಿ, ಇದು ಪಾಟ್‌ನ ವಯಸ್ಸು. ಗಿಟಾರ್ ಅದಕ್ಕಿಂತ ಮುಂಚಿನದಾಗಿರಲಾರದು, ಪಾಟ್ ಬದಲಾಗಿರದಿದ್ದರೆ. ತಡವಾದದ್ದಾಗಿರಬಹುದು. ಫೆಂಡರ್ 1966ರಲ್ಲಿ ರಾಶಿ ಪಾಟ್ ತಂದಿಟ್ಟುಕೊಂಡು ವರ್ಷಗಟ್ಟಲೆ ಬಳಸಿದೆ, ಹಾಗಾಗಿ 66ರ ಪಾಟ್ ಕಂಡ ತಕ್ಷಣ 66ರ ಗಿಟಾರ್ ಅಂತ ಕುಣಿಯಬೇಡಿ. ಬೆಸುಗೆಯನ್ನೂ ನೋಡಿ. ಹಳೇ ಬೆಸುಗೆ ಮಂಕಾಗಿರುತ್ತದೆ. ಹೊಳೆಯುತ್ತಿದ್ದರೆ ಯಾರೋ ಇತ್ತೀಚೆಗೆ ಕೈ ಹಾಕಿದ್ದಾರೆ ಅಂತ ಅರ್ಥ.

5. ನೆಕ್: ಇಲ್ಲಿ ಅವಸರ ಬೇಡವೇ ಬೇಡ

ನೋಡಲು ಹೋಗುವಾಗ ಇವಿಷ್ಟು ಚೀಲದಲ್ಲಿರಲಿ: ಟಾರ್ಚ್, ಉಕ್ಕಿನ ಸ್ಕೇಲ್ ಪಟ್ಟಿ, ಶ್ರುತಿ ನೋಡುವ ಟ್ಯೂನರ್, ಅಲೆನ್ ಕೀ ಮತ್ತು ಸ್ಕ್ರೂಡ್ರೈವರ್, ಮಲ್ಟಿಮೀಟರ್, ನಿಮ್ಮದೇ ಕೇಬಲ್.

ಮೊದಲು ಗಿಟಾರ್ ಶ್ರುತಿ ಮಾಡಿ. ತಂತಿ ಸಡಿಲ ಇದ್ದಾಗ ನೆಕ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾಲ್ಕು ತಂತಿಯ ಎಳೆತ ಬಿದ್ದಾಗಲೇ ನೆಕ್ ತನ್ನ ನಿಜ ಹೇಳುವುದು. "ತಂತಿ ತೆಗೆದಿಟ್ಟಿದ್ದೇನೆ, ನೆಕ್ ನೇರವಾಗಿದೆ ನೋಡಿ" ಅಂದರೆ ತಂತಿ ಹಾಕಿಸಿ. ಆಗುವುದಿಲ್ಲ ಅಂದರೆ ಎದ್ದು ಬನ್ನಿ. ನಾನು ಒಮ್ಮೆ ಈ ಮಾತನ್ನು ನಂಬಿ ತಂದ ಬೇಸ್‌ಗೆ ತಂತಿ ಹಾಕಿದ ಮರುದಿನ ನೆಕ್ ಬಿಲ್ಲಿನಂತೆ ಬಾಗಿತ್ತು.

ಇನ್ನು ಪರೀಕ್ಷೆ. ತಂತಿಯೇ ನಿಮ್ಮ ಅಳತೆಗೋಲು. ದಪ್ಪದ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ದೇಹಕ್ಕೆ ಸೇರುವ ಜಾಗದ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದಿ ಇದೆ ನೋಡಿ. ಇದಕ್ಕೆ ರಿಲೀಫ್ ಅನ್ನುತ್ತಾರೆ. ದಪ್ಪ ಕಾಗದದಷ್ಟು, ಸುಮಾರು 0.3 ಮಿಲಿಮೀಟರ್ ಇದ್ದರೆ ಚೆಂದ. ಒಂದು ಮಿಲಿಮೀಟರ್ ಮುಟ್ಟಿದ್ದರೆ ನೆಕ್ ಮುಂದಕ್ಕೆ ಬಾಗಿದೆ. ಸಂದಿಯೇ ಇಲ್ಲದಿದ್ದರೆ ಹಿಂದಕ್ಕೆ ಬಾಗಿರಬಹುದು. ತೆಳ್ಳನೆಯ ಜಿ ತಂತಿಯಲ್ಲೂ ಹೀಗೇ ಮಾಡಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಕಡೆ ಬಹಳ, ಇನ್ನೊಂದು ಕಡೆ ಏನೂ ಇಲ್ಲ ಅಂದರೆ ನೆಕ್ ತಿರುಚಿಕೊಂಡಿದೆ. ತಿರುಚಿದ ನೆಕ್ ತರಬೇಡಿ. ಅದನ್ನು ನೇರ ಮಾಡಲು ಟ್ರಸ್ ರಾಡ್‌ನಿಂದ ಆಗುವುದಿಲ್ಲ.

ಟ್ರಸ್ ರಾಡ್ ಅಂದರೆ ನೆಕ್‌ನ ಒಳಗಿರುವ ಕಬ್ಬಿಣದ ಸರಳು. ತಂತಿಯ ಎಳೆತಕ್ಕೆ ಎದುರಾಗಿ ನೆಕ್ ಹಿಡಿದು ನಿಲ್ಲಿಸುವುದು ಇದೇ. ಇದು ಕೆಲಸ ಮಾಡುತ್ತಿದೆಯೇ ಅನ್ನುವುದು ಇಡೀ ಖರೀದಿಯಲ್ಲಿ ಅತಿ ಮುಖ್ಯ ಪ್ರಶ್ನೆ. ಮಾರುವವರ ಅನುಮತಿ ಕೇಳಿ, ಸರಿಯಾದ ಅಳತೆಯ ಕೀ ಹಾಕಿ, ಮೊದಲು ಕಾಲು ಸುತ್ತು ಸಡಿಲ ಮಾಡಿ. ಆಮೇಲೆ ಮೊದಲಿನ ಜಾಗಕ್ಕೆ ತಂದು ಇನ್ನು ಎಂಟನೇ ಒಂದು ಸುತ್ತು ಬಿಗಿ ಮಾಡಿ. ಮೆತ್ತಗೆ ಪ್ರತಿರೋಧ ಕೊಡುತ್ತಾ ತಿರುಗಿದರೆ ಒಳ್ಳೆಯದು. ಎಷ್ಟು ತಿರುಗಿಸಿದರೂ ಸುಮ್ನೆ ಗಿರಗಿರ ತಿರುಗಿದರೆ ತಿರುಪಿನ ಎಳೆ ಸವೆದಿದೆ ಅಥವಾ ಸರಳು ಮುರಿದಿದೆ. ಅಲುಗಾಡದೆ ಬಿಗಿದುಕೊಂಡಿದ್ದು ನೆಕ್ ಇನ್ನೂ ಮುಂದಕ್ಕೆ ಬಾಗಿದ್ದರೆ ಸರಳಿನ ಓಟ ಮುಗಿದಿದೆ. ಯಾವ ಕಾರಣಕ್ಕೂ ಬಲ ಹಾಕಬೇಡಿ. ಬೇರೆಯವರ ಗಿಟಾರ್‌ನ ಸರಳು ನಿಮ್ಮ ಕೈಯಲ್ಲಿ ಮುರಿಯುವುದು ಬೇಡ.

ಹಳೇ ಫೆಂಡರ್ ಮತ್ತು ಅವುಗಳ ನಕಲುಗಳಲ್ಲಿ ಟ್ರಸ್ ರಾಡ್ ತಿರುಗಿಸುವ ನಟ್ ಹೆಚ್ಚಾಗಿ ನೆಕ್‌ನ ಬುಡದಲ್ಲಿರುತ್ತದೆ. ನೆಕ್ ಬಿಚ್ಚದೆ ಅದನ್ನು ಮುಟ್ಟಲು ಆಗದೇ ಇರಬಹುದು. ಹಾಗಿದ್ದಾಗ ರಿಲೀಫ್ ಈಗಲೇ ಸರಿಯಾಗಿದ್ದರೆ ಧೈರ್ಯ ಮಾಡಬಹುದು. ರಿಲೀಫ್ ಜಾಸ್ತಿ ಇದ್ದು "ಸ್ವಲ್ಪ ಬಿಗಿ ಮಾಡಿದರೆ ಸರಿಹೋಗುತ್ತೆ" ಅಂತ ಮಾರುವವರು ಅಂದರೆ, ಹಾಗಾದರೆ ಬಿಗಿ ಮಾಡಿ ತೋರಿಸಿ ಅನ್ನಿ. ಅಷ್ಟು ಸುಲಭವಾಗಿದ್ದರೆ ಮಾರುವ ಮೊದಲೇ ಮಾಡಿರುತ್ತಿದ್ದರು, ಅಲ್ವಾ?

ಕೊನೆಯ ನಾಲ್ಕೈದು ಫ್ರೆಟ್ ಮೇಲೆದ್ದಿವೆಯೇ ನೋಡಿ. ಬ್ರಿಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್‌ನ ಅಂಚಿನ ಉದ್ದಕ್ಕೂ ನೋಡಿದರೆ ಕಾಣುತ್ತದೆ. ಸ್ವಲ್ಪವಾದರೆ ಫ್ರೆಟ್ ಉಜ್ಜಿ ಸರಿ ಮಾಡಬಹುದು. ಬೋಲ್ಟ್ ಹಾಕಿದ ನೆಕ್ ಆಗಿದ್ದರೆ ಕೋನ ತಪ್ಪಿದ್ದನ್ನು ಶಿಮ್ ಅನ್ನುವ ತೆಳು ಚೂರು ಇಟ್ಟು ಸರಿಪಡಿಸಬಹುದು. ಹಳೇ ಗಿಟಾರ್‌ಗಳಲ್ಲಿ ಶಿಮ್ ಸಿಕ್ಕರೆ ಅನುಮಾನ ಬೇಡ, ಮಾಮೂಲಿ ವಿಷಯ. ಅಂಟಿಸಿದ ನೆಕ್ ಆಗಿದ್ದರೆ ಕೋನ ಸರಿಪಡಿಸುವುದು ದೊಡ್ಡ ಖರ್ಚು.

ಗಿಬ್ಸನ್ ತರಹ ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿದ ಗಿಟಾರ್‌ಗಳಲ್ಲಿ ನಟ್‌ನ ಹಿಂಬದಿ ಬಿರುಕು ಬಿಡುವುದು ಬಹಳ ಸಾಮಾನ್ಯ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ, ಉಗುರಿನಿಂದ ಸವರಿ. ಬಿರುಕು ಇದ್ದರೆ ಬೇಡ. ಮುರಿದು ಚೆನ್ನಾಗಿ ಅಂಟಿಸಿ ವರ್ಷಗಳಾಗಿದ್ದರೆ ಯೋಚಿಸಬಹುದು, ಬೆಲೆ ತುಂಬಾ ಇಳಿದಿರುತ್ತದೆ.

6. ಫ್ರೆಟ್ ಮತ್ತು ದೇಹ

ಪ್ರತಿ ತಂತಿಯಲ್ಲಿ ಪ್ರತಿ ಫ್ರೆಟ್ ಒತ್ತಿ ನುಡಿಸಿ. ಹೌದು, ಒಂದೂ ಬಿಡದೆ. ಝರ್ ಅನ್ನುವ ಜಾಗ, ನಾದ ಸತ್ತುಹೋಗುವ ಜಾಗ ಗುರುತು ಹಾಕಿಕೊಳ್ಳಿ. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಆಸುಪಾಸು ನಾದ ಬೇಗ ಆರುವುದು ಇದ್ದದ್ದೇ. ಅದು ನೆಕ್‌ನ ಕಂಪನದಿಂದ ಆಗುವುದು, ಅದಕ್ಕೆ ಹೆದರಬೇಡಿ. ಫ್ರೆಟ್‌ನಲ್ಲಿ ತಂತಿಯ ಕೆಳಗೆ ಆಳವಾದ ಗೀರು ಬಿದ್ದು ಫ್ರೆಟ್ ಚಪ್ಪಟೆಯಾಗಿದ್ದರೆ ಹೊಸ ಫ್ರೆಟ್ ಹಾಕಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ.

ದೇಹದ ಗೀರು, ತಗ್ಗು, ಉದುರಿದ ಬಣ್ಣ ಇವುಗಳ ಮೇಲೆ ಹೊತ್ತು ಕಳೆಯಬೇಡಿ. ನೆಕ್ ಕೂರುವ ಗೂಡಿನ ಸುತ್ತ ಬಣ್ಣದಲ್ಲಿ ಕೂದಲೆಳೆಯ ಗೆರೆಗಳಿದ್ದರೆ ಚಿಂತೆಯಿಲ್ಲ. ಗೆರೆ ಮರದೊಳಕ್ಕೆ ಇಳಿದಿದ್ದರೆ ಚಿಂತೆ.

7. ವಿದ್ಯುತ್ ಭಾಗ

ಆಂಪ್‌ಗೆ ಸಿಕ್ಕಿಸಿ, ಎಲ್ಲಾ ನಾಬ್ ತಿರುಗಿಸಿ. ಕರಕರ ಸದ್ದು ಬಂದರೆ ಪಾಟ್‌ನೊಳಗೆ ಧೂಳು, ಕ್ಲೀನರ್ ಸ್ಪ್ರೇ ಸಾಕು. ಜ್ಯಾಕ್ ಸಡಿಲ ಇದ್ದರೆ ಸಣ್ಣ ಕೆಲಸ. ಜಾಝ್ ಬೇಸ್‌ನ ತರಹ ಒಂಟಿ ಕಾಯಿಲ್ ಪಿಕಪ್ ಇದ್ದರೆ ಸ್ವಲ್ಪ ಹಮ್ (ಗುಂಯ್ ಅನ್ನುವ ಸದ್ದು) ಸಹಜ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾಗಬೇಕು. ಮುಟ್ಟಿದರೆ ಜಾಸ್ತಿಯಾದರೆ ಗ್ರೌಂಡ್ ವೈರ್‌ನಲ್ಲಿ ತೊಂದರೆ ಇದೆ.

ಪಿಕಪ್ ಬದುಕಿದೆಯೇ ಅನ್ನುವುದಕ್ಕೆ ಮಲ್ಟಿಮೀಟರ್. ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲ್‌ನ ಇನ್ನೊಂದು ತುದಿಯ ಮೊನೆಗೂ ಬುಡಕ್ಕೂ ನಡುವೆ ಓಮ್ ಅಳೆಯಿರಿ. ಪ್ರಿಸಿಷನ್ ಮಾದರಿಯದಾದರೆ 10 ಕಿಲೋ ಓಮ್ ಸುಮಾರು, ಜಾಝ್‌ನ ಒಂದೊಂದು ಪಿಕಪ್ 7–8 ಕಿಲೋ ಓಮ್ ಸುಮಾರು ತೋರಿಸುತ್ತದೆ. ಜಾಝ್‌ನಲ್ಲಿ ಒಂದರ ವಾಲ್ಯೂಮ್ ಇಳಿಸಿ ಇನ್ನೊಂದನ್ನು ಅಳೆಯಬೇಕು. ಇಲ್ಲೊಂದು ಮೋಸ ಹೋಗುವ ಜಾಗ ಇದೆ: ಪಿಕಪ್‌ನ ಸುರುಳಿ ಕಡಿದುಹೋಗಿದ್ದರೂ ಮೀಟರ್ ನೂರು ಕಿಲೋ ಓಮ್ ದಾಟಿದ ಏನೋ ಅಂಕಿ ತೋರಿಸುತ್ತದೆ. ಅದು ಪಾಟ್‌ನ ಅಂಕಿ. ಅಂಥ ದೊಡ್ಡ ಅಂಕಿ ಕಂಡರೆ ಪಿಕಪ್ ಸತ್ತಿದೆ ಅಂತಲೇ ತಿಳಿಯಿರಿ. ಮತ್ತೆ ಸುತ್ತಿಸಬಹುದು, ಖರ್ಚು ಬೆಲೆಯಲ್ಲಿ ಕಳೆಯಬೇಕು.

ಬ್ಯಾಟರಿ ಇರುವ ಬೇಸ್ ಆದರೆ, ಅಂದರೆ ಆ್ಯಕ್ಟಿವ್ ಸರ್ಕ್ಯೂಟ್ ಇದ್ದರೆ, ಬ್ಯಾಟರಿ ಗೂಡು ತೆರೆದು ಹಸಿರು ಕಿಲುಬು ಇದೆಯೇ ನೋಡಿ.

8. ಬಿಡಿಭಾಗ: ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ

ಫೆಂಡರ್ ಅಳತೆಯ ಪಾಟ್, ಜ್ಯಾಕ್, ನಟ್, ಬ್ರಿಜ್, ಟ್ಯೂನರ್, ಪಿಕಪ್ ಎಲ್ಲವೂ ಹೊಸದಾಗಿ ಸಿಗುತ್ತವೆ. ಅವು ಬದಲಾಗಿದ್ದರೆ ಅಥವಾ ಕೆಟ್ಟಿದ್ದರೆ ಚೌಕಾಸಿಗೆ ಒಳ್ಳೆಯ ಕಾರಣ. ಆದರೆ ಆಯಾ ಕಂಪನಿಯದೇ ವಿಚಿತ್ರ ಆಕಾರದ ಬ್ರಿಜ್, ಪಿಕಪ್ ಮುಚ್ಚಳ, ಪಿಕ್‌ಗಾರ್ಡ್ ಕಾಣೆಯಾಗಿದ್ದರೆ ವರ್ಷಗಟ್ಟಲೆ ಹುಡುಕಬೇಕಾಗುತ್ತದೆ. ಕೊಳ್ಳುವ ಮೊದಲೇ ಆ ಭಾಗ ಎಲ್ಲಾದರೂ ಮಾರಾಟಕ್ಕಿದೆಯೇ ಅಂತ ನೋಡಿಕೊಳ್ಳಿ.

9. ಬೆಲೆ ಮಾತಾಡುವುದು

ಜಾಹೀರಾತಿನಲ್ಲಿ ಕೇಳುತ್ತಿರುವ ಬೆಲೆಗಳನ್ನು ಲೆಕ್ಕಕ್ಕೆ ತಗೋಬೇಡಿ. ಮಾರಾಟವಾದ ಬೆಲೆಗಳನ್ನು ನೋಡಿ. ಅದೇ ಮಾದರಿ, ಅದೇ ಸ್ಥಿತಿಯ ಮೂರ್ನಾಲ್ಕು ಸಿಕ್ಕರೆ ಸಾಕು. ಅದರಿಂದ ರಿಪೇರಿ ಖರ್ಚು ಕಳೆಯಿರಿ. ಬರುವ ಮೊತ್ತವನ್ನು ಕಾರಣಗಳ ಜೊತೆ ಹೇಳಿ: "ಫ್ರೆಟ್ ಕೆಲಸ ಬೇಕು, ಒಂದು ಟ್ಯೂನರ್ ಹೋಗಿದೆ, ಹಾಗಾಗಿ ಇಷ್ಟು ಕೊಡುತ್ತೇನೆ." ವಸ್ತುವನ್ನು ಹೀಯಾಳಿಸಬೇಡಿ. ಎಷ್ಟೋ ಹಳೇ ಬೇಸ್‌ಗಳು ಮಾರುವವರ ಯೌವನದ ಸಂಗಾತಿ. ಗೌರವದಿಂದ ಮಾತಾಡಿದರೆ ಬೆಲೆಯೂ ಇಳಿಯುತ್ತದೆ, ಗಿಟಾರ್‌ನ ಚರಿತ್ರೆಯೂ ಸಿಗುತ್ತದೆ.

"ಇನ್ನೊಬ್ಬರು ಬರ್ತಿದ್ದಾರೆ, ಈಗಲೇ ಮುಂಗಡ ಕಳಿಸಿ" ಅಂದಾಗ ಬಿಟ್ಟುಬಿಡಿ. ನೀವು ನೋಡುತ್ತಿರುವುದು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ವಸ್ತು. ಇನ್ನೊಂದು ಸಿಗುತ್ತದೆ.

10. ದೂರದಿಂದ ತರಿಸುವುದಾದರೆ

ಕೊಳ್ಳುವವರಿಗೆ ರಕ್ಷಣೆ ಇರುವ ಪಾವತಿಯನ್ನೇ ಬಳಸಿ. 'ಸ್ನೇಹಿತರಿಗೆ ಕಳಿಸಿದ್ದು' ಅನ್ನುವ ಬಗೆಯಲ್ಲಿ ದುಡ್ಡು ಹಾಕಿದರೆ ಅದು ವಾಪಸ್ ಬರುವುದಿಲ್ಲ. ಗಿಟಾರ್ ಪ್ಯಾಕ್ ಮಾಡುವ ಬಗೆಯನ್ನು ಬರೆದು ತಿಳಿಸಿ: ತಂತಿ ಸ್ವಲ್ಪ ಸಡಿಲ, ಹೆಡ್‌ಸ್ಟಾಕ್‌ನ ಕೆಳಗೂ ಸುತ್ತಲೂ ಮೆತ್ತೆ, ಗಟ್ಟಿ ಕೇಸ್, ಅದರ ಹೊರಗೆ ಪೆಟ್ಟಿಗೆ. ಕೇಸ್‌ನೊಳಗೆ ಹೆಡ್‌ಸ್ಟಾಕ್ ಅಲುಗಾಡುವಂತಿದ್ದರೆ ಪೆಟ್ಟಿಗೆ ಬಿದ್ದ ಒಂದೇ ಏಟಿಗೆ ಮುರಿಯುತ್ತದೆ.

ಬೇರೆ ದೇಶದಿಂದ ತರಿಸುವಾಗ ಫಿಂಗರ್‌ಬೋರ್ಡ್ (ನೆಕ್‌ನ ಮೇಲೆ ಬೆರಳೊತ್ತುವ ಪಟ್ಟಿ) ಯಾವ ಮರ ಅಂತ ಕೇಳಿ. ಬ್ರೆಜಿಲಿಯನ್ ರೋಸ್‌ವುಡ್ 1992ರಿಂದ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಕಾಗದಪತ್ರ ಇಲ್ಲದೆ ಗಡಿ ದಾಟಿಸಿದರೆ ಜಪ್ತಿಯಾಗಬಹುದು. ಅರವತ್ತರ ದಶಕದ ಮೊದಲರ್ಧದ ಅಮೆರಿಕದ ಗಿಟಾರ್‌ಗಳಲ್ಲಿ ಈ ಮರ ಇರುವುದುಂಟು. ಉಳಿದ ರೋಸ್‌ವುಡ್ ಜಾತಿಗಳ ಮೇಲೆ 2017ರಲ್ಲಿ ನಿರ್ಬಂಧ ಬಂತು, 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಸುಂಕ ಮತ್ತು ಸಾಗಣೆ ಸೇರಿಸಿ ಒಟ್ಟು ಮೊತ್ತ ನೋಡಿ, ಅಗ್ಗ ಅನ್ನಿಸಿದ್ದು ಅಲ್ಲಿಗೆ ಅಗ್ಗವಾಗಿ ಉಳಿದಿದೆಯೇ ಅಂತ.

11. ಮನೆಗೆ ಬಂದ ಮೇಲೆ

ಪೆಟ್ಟಿಗೆ ಬಂದ ತಕ್ಷಣ ಕೇಸ್ ತೆರೆಯಬೇಡಿ. ತಣ್ಣಗಿನ ಕಡೆಯಿಂದ ಬೆಚ್ಚಗಿನ ಕೋಣೆಗೆ ಬಂದ ಹಳೇ ಬಣ್ಣ ಕ್ಷಣದಲ್ಲಿ ಬಿರಿಯಬಹುದು. ಕೆಲವು ಗಂಟೆ ಮುಚ್ಚಿಯೇ ಇಡಿ. ತೆರೆಯುವಾಗ ವಿಡಿಯೊ ಮಾಡಿಕೊಳ್ಳಿ, ಸಾಗಣೆಯಲ್ಲಿ ಪೆಟ್ಟಾಗಿದ್ದರೆ ಬೇಕಾಗುತ್ತದೆ.

ಹೊಸ ತಂತಿ ಹಾಕಿ ಶ್ರುತಿ ಮಾಡಿ, ಒಂದು ವಾರ ಹಾಗೇ ನುಡಿಸಿ. ನೆಕ್ ಹೊಸ ಎಳೆತಕ್ಕೆ ಹೊಂದಿಕೊಳ್ಳಲಿ. ಆಮೇಲೆ ಸೆಟಪ್. ಇದೇ ಕ್ರಮದಲ್ಲಿ: ಮೊದಲು ಟ್ರಸ್ ರಾಡ್‌ನಿಂದ ರಿಲೀಫ್, ನಂತರ ಬ್ರಿಜ್‌ನಲ್ಲಿ ತಂತಿಯ ಎತ್ತರ, ಕೊನೆಗೆ ಇಂಟೊನೇಷನ್, ಅಂದರೆ ಹನ್ನೆರಡನೇ ಫ್ರೆಟ್‌ನಲ್ಲಿ ಶ್ರುತಿ ನಿಖರವಾಗಿ ಕೂರುವಂತೆ ಸ್ಯಾಡಲ್ (ಬ್ರಿಜ್‌ನಲ್ಲಿ ಪ್ರತಿ ತಂತಿ ಕೂರುವ ತುಂಡು) ಹಿಂದೆ ಮುಂದೆ ಸರಿಸುವುದು. ಹನ್ನೆರಡನೇ ಫ್ರೆಟ್ ಮೇಲೆ ತಂತಿ 2ರಿಂದ 2.5 ಮಿಲಿಮೀಟರ್ ಎತ್ತರ ಇದ್ದರೆ ಹೆಚ್ಚಿನವರಿಗೆ ಹಿತ. ಫ್ಲ್ಯಾಟ್‌ವೂಂಡ್ ತಂತಿ, ಅಂದರೆ ಮೇಲ್ಮೈ ನಯವಾಗಿರುವ ತಂತಿ, ಹಳೇ ಬೇಸ್‌ಗೆ ಬಹಳ ಒಪ್ಪುತ್ತದೆ. ಫ್ರೆಟ್ ಸವೆತವೂ ಕಡಿಮೆ. ಆದರೆ ಕೆಲವು ಫ್ಲ್ಯಾಟ್‌ವೂಂಡ್‌ಗಳ ಎಳೆತ ಜಾಸ್ತಿ, ಹಳೇ ನೆಕ್‌ಗೆ ಕಡಿಮೆ ಎಳೆತದ್ದನ್ನೇ ಆರಿಸಿ.

ಏನಾದರೂ ಬದಲಿಸಿದರೆ ತೆಗೆದ ಭಾಗ ಎಸೆಯಬೇಡಿ. ಕೆಟ್ಟ ಪಾಟ್ ಆದರೂ ಸರಿ, ತುಕ್ಕು ಹಿಡಿದ ಸ್ಕ್ರೂ ಆದರೂ ಸರಿ, ಒಂದು ಚೀಲದಲ್ಲಿ ಹಾಕಿ ಕೇಸ್‌ನೊಳಗಿಡಿ. ಯಾವ ದಿನ ಏನು ಬದಲಿಸಿದಿರಿ ಅಂತ ಒಂದು ಚೀಟಿಯನ್ನೂ ಬರೆದು ಜೊತೆಗಿಡಿ. ಮುಂದೆ ಆ ಗಿಟಾರ್ ಕೊಳ್ಳುವವರು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ಅದೇ.